ಗರಡಿಯ ಮಟ್ಟ, ಶಾಲೆಯ ಮಟ್ಟ: ದುರ್ಗದ ಸೀಮೆಯಲ್ಲಿ ಅಂಗಸಾಧನೆಯ ಶಿಕ್ಷಣ

ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ‘ಬಸ್ಕಿ’ ಎಂಬ ಮಾತನ್ನು ವಿವರಿಸಬೇಕಾದುದಿಲ್ಲ. ಪಾಠವನ್ನೊಪ್ಪಿಸದ ಹುಡುಗನನ್ನು ಎಲ್ಲರೆದುರಿಗೆ ನಿಲ್ಲಿಸಿ, ಎರಡು ಕಿವಿಗಳನ್ನೂ ಹಿಡಿಸಿ, ಇಷ್ಟು ಸಲವೆಂದು ಎಣಿಸಿ ಕುಳಿತೇಳಿಸುವ ಶಿಕ್ಷೆಗೆ ಅದು ಹೆಸರು. ಆದರೆ ಇದೇ ಬಸ್ಕಿಯು ಗರಡಿಮನೆಯಲ್ಲಿ ಶಿಕ್ಷೆಯಾಗಿರಲಿಲ್ಲ. ಬೆಳಗಿನ ಜಾವದಲ್ಲೆದ್ದು, ಆಂಜನೇಯನಿಗೆ ಕೈಮುಗಿದು, ದಂಡ ಬಸ್ಕಿಗಳನ್ನು ತನ್ನ ಶಕ್ತಿಗೆ ತಕ್ಕಂತೆ ದಿನದಿನಕ್ಕೆ ಹೆಚ್ಚಿಸಿಕೊಂಡು ಹೋಗುವುದು ಅಲ್ಲಿ ಸಾಧಕನ ಮಾನದ ವಿಷಯವಾಗಿತ್ತು. ಒಂದು ಕಡೆ ಮಾನವಾಗಿದ್ದುದು ಇನ್ನೊಂದು ಕಡೆ ಅವಮಾನವಾದುದು ಹೇಗೆ? ನಮ್ಮ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಮಟ್ಟವನ್ನು ಕುರಿತು ಆಲೋಚಿಸುವವರು ಈ ಸಣ್ಣ ಪ್ರಶ್ನೆಯಿಂದಲೇ ಹೊರಡುವುದು ಮೇಲೆಂದು ನನ್ನ ಭಾವನೆ.

ಮಟ್ಟವೆಂಬ ಮಾತಿಗೆ ಇಲ್ಲಿ ಎರಡು ಅರ್ಥಗಳುಂಟು. ಕಲಿಯುವವನ ದೇಹವು ಎಷ್ಟನ್ನು ಕಲಿತಿದೆಯೆಂದು ಅಳೆಯುವುದು ಒಂದು. ಕಲಿಸುವ ಸ್ಥಳದಲ್ಲಿ ಏನೇನಿದೆಯೆಂದು ಎಣಿಸುವುದು ಮತ್ತೊಂದು. ಮೊದಲನೆಯದು ಗುರುವಿನ ಕಣ್ಣಿನ ಕೆಲಸ, ಎರಡನೆಯದು ಇಲಾಖೆಯ ಲೆಕ್ಕದ ಕೆಲಸ. ಸುಮಾರು ನೂರೈವತ್ತು ವರ್ಷಗಳಲ್ಲಿ ನಾವು ಮೊದಲನೆಯದರಿಂದ ಎರಡನೆಯದಕ್ಕೆ ಸರಿದುಬಂದಿದ್ದೇವೆ. ಈ ಸರಿತವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿಲ್ಲದಿಲ್ಲ. ಗರಡಿಯ ಸಂಪ್ರದಾಯಕ್ಕೆ ಹೆಸರಾದ ಪಾಳೆಯಪಟ್ಟಿನ ರಾಜಧಾನಿ ಇಲ್ಲಿತ್ತು. ಅಂಗಸಾಧನೆಗೆ ಹೊಸ ಕಾಲದಲ್ಲಿ ಪಾಠಕ್ರಮವನ್ನು ಕಟ್ಟಿದ ಇಬ್ಬರು ಆಚಾರ್ಯರಲ್ಲಿ ಒಬ್ಬರು ಈ ಜಿಲ್ಲೆಯಲ್ಲಿ ಹುಟ್ಟಿದವರು, ಇನ್ನೊಬ್ಬರು ಹೊರಗಿನಿಂದ ಬಂದು ಇಲ್ಲಿ ನೆಲೆನಿಂತವರು.

ಚಿತ್ರದುರ್ಗದ ಕೋಟೆಯನ್ನು ನೋಡಹೋದವರಿಗೆ ಮದ್ದು ಬೀಸುವ ಕಲ್ಲುಗಳು, ಟಂಕಸಾಲೆ, ಎಣ್ಣೆಯ ಕೊಳ ಇವುಗಳೊಡನೆ ಗರಡಿಮನೆಯ ತಾಣವನ್ನೂ ತೋರಿಸುವುದು ವಾಡಿಕೆ. ನಾಯಕರ ಕಾಲದ ಸೈನ್ಯವೆಂದರೆ ಮುಖ್ಯವಾಗಿ ಬೇಡರ ಪಡೆ. ಅವರಿಗೆ ಗರಡಿಯೇ ಪಾಠಶಾಲೆ. ಗರಡಿಯ ಕ್ರಮವನ್ನು ತಿಳಿದವರಿಗೆ ಅದರ ಶಿಸ್ತು ಎಷ್ಟು ಬಿಗಿಯಾದುದೆಂದು ಗೊತ್ತು. ಕೆಮ್ಮಣ್ಣನ್ನು ಜರಡಿಯಾಡಿ ಎಣ್ಣೆ ಮಜ್ಜಿಗೆಗಳಿಂದ ಹದಮಾಡುವುದರಿಂದ ಹಿಡಿದು ಲೋಡು ತಿರುಗಿಸುವುದು, ಗದೆ ಎತ್ತುವುದು, ಪಟ್ಟುಗಳನ್ನು ಹಾಕುವುದು, ಅವುಗಳನ್ನು ಬಿಡಿಸಿಕೊಳ್ಳುವುದು, ಈ ಎಲ್ಲಕ್ಕೂ ಹಿಂದು ಮುಂದಿನ ಕ್ರಮವಿತ್ತು. ಹೊಸಬನಿಗೆ ಗದೆಯನ್ನು ಕೊಡುತ್ತಿರಲಿಲ್ಲ. ಉಸ್ತಾದನ ಅಪ್ಪಣೆಯಿಲ್ಲದೆ ಮಣ್ಣಿಗಿಳಿಯುವಂತಿರಲಿಲ್ಲ. ಬರಹದಲ್ಲಿಲ್ಲವೆಂಬ ಮಾತ್ರಕ್ಕೆ ಇದನ್ನು ಪಾಠಕ್ರಮವಲ್ಲವೆನ್ನಲಾದೀತೆ?

ಬರಹದಲ್ಲಿ ಇರಲೇ ಇಲ್ಲವೆಂದು ಹೇಳುವುದೂ ಪೂರ್ತಿ ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವನ್ನು ಕುರಿತ ಪ್ರಕರಣವೊಂದಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಬಲ, ದೇಹದ ಪ್ರಮಾಣಗಳಿಗೆ ಅನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಮೊದಲಾದ ವರ್ಗಗಳಾಗಿ ವಿಂಗಡಿಸಿ, ಇನ್ನೂ ಬೆಳೆಯುತ್ತಿರುವ ತರುಣನಿಗೆ ಭವಿಷ್ಣು ಎಂಬ ಬೇರೆ ಹೆಸರನ್ನೇ ಇಟ್ಟಿದ್ದಾನೆ. ಅವರ ಆಹಾರ ಮತ್ತು ಅಭ್ಯಾಸಗಳ ಮಾತೂ ಅಲ್ಲಿದೆ. ಬೆಳೆಯುವವನನ್ನು ಬೆಳೆದವನ ಅಳತೆಗೋಲಿನಿಂದ ಅಳೆಯಬಾರದೆಂಬ ವಿವೇಕ ನಮ್ಮವರಿಗೆ ಎಂಟುನೂರು ವರ್ಷಗಳಿಗಿಂತ ಹಿಂದೆಯೇ ಇತ್ತೆಂಬುದಕ್ಕೆ ‘ಭವಿಷ್ಣು’ ಎಂಬ ಆ ಒಂದು ಪದವೇ ಸಾಕ್ಷಿ.

ಗರಡಿಯ ಅಳತೆಯ ಸ್ವರೂಪವನ್ನು ತಿಳಿಯಬೇಕಾದರೆ ಕುಸ್ತಿಗೆ ಮೊದಲು ನಡೆಯುವ ‘ಜೋಡಿ ಕಟ್ಟುವ’ ಪದ್ಧತಿಯನ್ನು ನೋಡಬೇಕು. ಪೈಲ್ವಾನರನ್ನು ಎದುರುಬದುರಾಗಿ ನಿಲ್ಲಿಸಿ, ಮೈಕಟ್ಟು, ವಯಸ್ಸು, ಹಿಂದಿನ ಸಾಧನೆ, ಅಂದಿನ ಕಸುವು ಇವುಗಳನ್ನು ಹಿರಿಯರು ಕಣ್ಣಿನಿಂದಲೇ ತೂಗಿ, ಸರಿಸಮಾನರನ್ನು ಜೋಡಿಮಾಡುತ್ತಾರೆ. ಮೈಸೂರಿನ ದಸರಾ ಕುಸ್ತಿಗೆ ಇಂದಿಗೂ ಜೋಡಿ ಕಟ್ಟುವ ಕಾರ್ಯ ಪ್ರತ್ಯೇಕವಾಗಿ ನಡೆಯುತ್ತದೆ. ಚಿತ್ರದುರ್ಗದಲ್ಲಿ ಮುರುಘಾಮಠದ ಶರಣಸಂಸ್ಕೃತಿ ಉತ್ಸವದ ಅಂಗವಾಗಿ ನಡೆದುಬಂದಿರುವ ಜಯದೇವ ಜಂಗೀಕುಸ್ತಿಯು ಆ ಪರಂಪರೆಯನ್ನು ಈ ಸೀಮೆಯಲ್ಲಿ ಉಳಿಸಿದೆ. ಜೋಡಿ ತಪ್ಪಿದರೆ ಸೋತವನಿಗಿಂತ ಕಟ್ಟಿದವನಿಗೇ ಹೆಚ್ಚಿನ ಅಪಕೀರ್ತಿ. ಅಳೆಯುವವನು ತನ್ನ ಅಳತೆಗೆ ತಾನೇ ಹೊಣೆಯಾಗುವ ಇಂತಹ ವ್ಯವಸ್ಥೆಯನ್ನು ಮುಂದೆ ಶಾಲೆಯ ಇತಿಹಾಸದಲ್ಲಿ ನಾವು ಕಾಣುವುದಿಲ್ಲ.

ಹಾಗೆಂದು ಗರಡಿಯನ್ನು ಅತಿಯಾಗಿ ಹೊಗಳುವುದು ಚರಿತ್ರಕಾರನಿಗೆ ಸಲ್ಲದು. ಅದು ಕೆಲವರ ಶಾಲೆ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ದುರ್ಬಲನಾಗಿ ಹುಟ್ಟಿದವನನ್ನು ಅದು ಕರೆಯಲಿಲ್ಲ. ದಿನವೆಲ್ಲ ಕೂಲಿಮಾಡಿ ಹಸಿದು ಮಲಗುವವನ ಮಗನಿಗೆ ಸಾಧಕನ ಹಾಲು ತುಪ್ಪಗಳು ಎಲ್ಲಿಂದ ಬರಬೇಕು? ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ಇಂದು ಒನಕೆ ಓಬವ್ವನ ಹೆಸರಿದೆ. ಆದರೆ ಜನರು ಹೇಳುವ ಕಥೆಯಲ್ಲಿ ಆಕೆಯ ತೋಳಿಗೆ ಬಲ ಬಂದುದು ಗರಡಿಯಿಂದಲ್ಲ, ಭತ್ತ ಕುಟ್ಟುವ ಒನಕೆಯಿಂದ. ಕಥೆಯ ಈ ಅಂಶವನ್ನು ಕ್ರೀಡೆಯ ಭಾಷಣಗಳಲ್ಲಿ ಯಾರೂ ಎತ್ತಿ ಹೇಳಿದುದನ್ನು ನಾನು ಕೇಳಿಲ್ಲ.

ಕ್ರಿ.ಶ. 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದಾಗ ಈ ಸೀಮೆಯ ಅಂಗಸಾಧನೆಯ ಚರಿತ್ರೆಯಲ್ಲಿ ಒಂದು ದೊಡ್ಡ ಬಿರುಕುಂಟಾಯಿತು. ಬೇಡರ ಬಲವನ್ನು ಮುರಿಯುವ ಸಲುವಾಗಿ 20,000 ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರಲ್ಲಿನ ಹುಡುಗರಿಂದ ಚೇಲಾ ದಳಗಳನ್ನು ಕಟ್ಟಲಾಯಿತೆಂದು ವಿಲ್ಕ್ಸನ ಮೈಸೂರು ಇತಿಹಾಸವು ಹೇಳುತ್ತದೆ. ರೈಸ್ ಸಾಹೇಬರ ಗ್ಯಾಸೆಟಿಯರಿನಲ್ಲೂ ಇದು ಬಂದಿದೆ. ಸಂಖ್ಯೆಯು ಎಷ್ಟು ನಿಖರವೋ ಹೇಳುವಂತಿಲ್ಲ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಸಂಖ್ಯೆಯಲ್ಲ. ಗರಡಿಯ ಮಕ್ಕಳಾಗಬೇಕಾಗಿದ್ದ ದುರ್ಗದ ಹುಡುಗರು ಸಾಲಾಗಿ ನಿಂತು ಕವಾಯತು ಕಲಿತುದು ಅದೇ ಮೊದಲೆಂದು ಊಹಿಸಬಹುದು. ಶಾಲೆಗೆ ಕವಾಯತು ಬರುವುದಕ್ಕೆ ಸುಮಾರು ನೂರು ವರ್ಷ ಮುಂಚಿನ ಮಾತಿದು.

ಕವಾಯತು ಎಂಬ ಪದದ ಹುಟ್ಟನ್ನು ಇಲ್ಲಿ ನೆನೆಯುವುದು ಅಪ್ರಕೃತವಾಗಲಾರದು. ನಿಯಮವೆಂಬ ಅರ್ಥದ ಅರಬ್ಬಿ ಪದವೊಂದರ ಏಕವಚನವು ಕನ್ನಡಕ್ಕೆ ‘ಕಾಯಿದೆ’ಯಾಗಿ ಬಂದಿದೆ, ಅದರ ಬಹುವಚನವೇ ‘ಕವಾಯತು’. ಒಂದು ನಿಯಮವಾದರೆ ಕಾಯಿದೆ, ಹಲವು ನಿಯಮಗಳು ಕೂಡಿದರೆ ಕವಾಯತು. ಗರಡಿಯ ಉಸ್ತಾದ, ಪೈಲ್ವಾನ ಎಂಬ ಮಾತುಗಳೂ ಪರ್ಷಿಯನ್ ಮೂಲದವೇ; ಆದರೆ ಅವು ಮನುಷ್ಯರ ಹೆಸರುಗಳು. ಕವಾಯತು ನಿಯಮದ ಹೆಸರು. ಈ ಭೇದವನ್ನು ಮುಂದಿನ ಚರಿತ್ರೆಯುದ್ದಕ್ಕೂ ಗಮನದಲ್ಲಿಡಬೇಕು.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾಭ್ಯಾಸದ ಇಲಾಖೆಯು ಸ್ಥಾಪಿತವಾಯಿತು. 1868ರಲ್ಲಿ ರೈಸ್ ಸಾಹೇಬರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಸರ್ಕಾರದ ವಿದ್ಯೆಯು ಹಳ್ಳಿಗಾಡಿಗೆ ಕಾಲಿಟ್ಟಿತು. ಆ ಶಾಲೆಗಳ ಗುರಿ ಓದು, ಬರಹ, ಲೆಕ್ಕ. ದೇಹದ ವಿಷಯವನ್ನು ಅಖಿಲ ಭಾರತದ ಮಟ್ಟದಲ್ಲಿ ಸ್ಪಷ್ಟವಾಗಿ ಎತ್ತಿದುದು 1882ರ ಹಂಟರ್ ಆಯೋಗ. ದೇಶೀಯ ಆಟಗಳು, ಅಂಗಸಾಧನೆ, ಶಾಲಾ ಕವಾಯತು ಮತ್ತು ಆಯಾ ತರಗತಿಯ ಶಾಲೆಗಳ ಸ್ಥಿತಿಗೆ ಒಪ್ಪುವ ಇತರ ವ್ಯಾಯಾಮಗಳಿಂದ ಮಕ್ಕಳ ದೇಹದ ಬೆಳವಣಿಗೆಗೆ ಉತ್ತೇಜನ ಕೊಡಬೇಕೆಂದು ಅದು ಸಲಹೆಮಾಡಿತು. ಸಲಹೆಯಲ್ಲಿ ದೇಶೀಯ ಆಟಗಳ ಹೆಸರೇ ಮೊದಲು ಬಂದಿರುವುದು ಗಮನಾರ್ಹ. ಆಚರಣೆಯಲ್ಲಾದರೋ ಕವಾಯತೇ ಮೊದಲಾಯಿತು, ಬಹುಕಾಲ ಅದೊಂದೇ ಆಯಿತು.

ಇದಕ್ಕೆ ಕಾರಣವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಕವಾಯತಿಗೆ ಸಲಕರಣೆ ಬೇಡ. ಒಬ್ಬನೇ ಮನುಷ್ಯ ನೂರು ಹುಡುಗರನ್ನು ಏಕಕಾಲದಲ್ಲಿ ನಡೆಸಬಹುದು. ಸೈನ್ಯದಿಂದ ನಿವೃತ್ತರಾದ ಸಿಪಾಯಿಗಳು ಕಡಮೆ ಸಂಬಳಕ್ಕೆ ದೊರೆಯುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ತನಿಖೆಗೆ ಬಂದ ಇನ್‌ಸ್ಪೆಕ್ಟರರಿಗೆ ಕವಾಯತು ದೂರದಿಂದಲೇ ಕಾಣುತ್ತದೆ! ಸಾಲು ನೇರವಾಗಿದೆಯೆ, ಕೈಗಳು ಒಟ್ಟಿಗೆ ಎದ್ದುವೆ, ಪಾದಗಳ ಸಪ್ಪಳ ಒಂದೇ ಆಗಿದೆಯೆ ಎಂದು ನೋಡಿದರೆ ತೀರಿತು. ಚಿಣ್ಣಿದಾಂಡಿನಲ್ಲಿ ಹುಡುಗನ ಕಣ್ಣು ಕೈಗಳ ಹೊಂದಿಕೆ ಎಷ್ಟು ಬೆಳೆಯಿತು, ಮರಕೋತಿಯಾಟದಿಂದ ಅವನ ಹಿಡಿತ ಎಷ್ಟು ಬಲಿಯಿತು ಎಂಬುದನ್ನು ವರದಿಯಲ್ಲಿ ಬರೆಯುವುದು ಹೇಗೆ? ಹೀಗೆ ಅಳೆಯಲು ಸುಲಭವಾದುದೇ ಕಲಿಸಲು ಯೋಗ್ಯವಾದುದೆಂಬ ಭ್ರಮೆಯು ಶಾಲೆಯ ಅಂಗಳವನ್ನು ಹೊಕ್ಕಿತು. ‘ಡ್ರಿಲ್ ಮೇಷ್ಟ್ರು’ ಎಂಬ ಹೆಸರು ನಮ್ಮ ಮಾತಿನಲ್ಲಿ ಉಳಿದು ಬಂದಿರುವುದು ಆ ಕಾಲದ ಗುರುತು. ಬಸ್ಕಿಯು ಶಿಕ್ಷೆಯಾದುದೂ ಇದೇ ಸಂದರ್ಭದಲ್ಲಿರಬೇಕೆಂದು ನನಗೆ ತೋರುತ್ತದೆ. ಸಾಲಿನಲ್ಲಿ ತಪ್ಪಿದವನಿಗೆ ಹೆಚ್ಚಿನ ವ್ಯಾಯಾಮವನ್ನು ದಂಡವಾಗಿ ವಿಧಿಸುವುದು ಸೈನ್ಯದ ಪದ್ಧತಿ. ಗರಡಿಯಲ್ಲಿ ತಪ್ಪಿದವನಿಗೆ ವ್ಯಾಯಾಮವನ್ನು ನಿಲ್ಲಿಸಿ ಹೊರಗೆ ಕೂರಿಸುವುದೇ ದಂಡ.

ಈ ದೋಷ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಬೋಯರ್ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಬಂದವರ ದೇಹದೌರ್ಬಲ್ಯವನ್ನು ಕಂಡು ಗಾಬರಿಗೊಂಡ ಇಂಗ್ಲೆಂಡು 1902ರಲ್ಲಿ ಸೈನಿಕ ಕವಾಯತಿನ ಮಾದರಿಯ ಪಾಠಕ್ರಮವೊಂದನ್ನು ಶಾಲೆಗಳಿಗೆ ಕೊಟ್ಟಿತು. ಮಕ್ಕಳನ್ನು ಸಿಪಾಯಿಗಳೆಂದು ಭಾವಿಸಿ ಬರೆದ ಪಾಠವಿದೆಂಬ ಟೀಕೆ ಕೂಡಲೇ ಬಂದಿತು. ಎರಡೇ ವರ್ಷಗಳಲ್ಲಿ, 1904ರಲ್ಲಿ, ಬೇರೊಂದು ಪಾಠಕ್ರಮವು ಹೊರಟಿತು. 1909ರಲ್ಲಿ ಅದು ಸ್ವೀಡನ್ನಿನ ಲಿಂಗ್ ಎಂಬಾತನ ಪದ್ಧತಿಯನ್ನು ಅನುಸರಿಸಿ ಪರಿಷ್ಕೃತವಾಯಿತು. ಅಲ್ಲಿ ಎರಡು ವರ್ಷಗಳಲ್ಲಿ ಕಂಡುಕೊಂಡ ತಪ್ಪು ಇಲ್ಲಿ ಹಲವು ದಶಕಗಳು ನಡೆದುಬಂದಿತು. 1913ರ ಪ್ರಾಥಮಿಕ ವಿದ್ಯಾಭ್ಯಾಸದ ನಿಬಂಧನೆಯಿಂದ ಮೈಸೂರು ಸಂಸ್ಥಾನವು ಕಡ್ಡಾಯ ಶಿಕ್ಷಣದತ್ತ ಹೆಜ್ಜೆಯಿಟ್ಟಿತಷ್ಟೆ. ಶಾಲೆಗೆ ಬರುವ ಮಕ್ಕಳು ಹೆಚ್ಚಿದಂತೆಲ್ಲ ಸಾಲುಗಳು ಉದ್ದವಾದುವು. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಗರಡಿಯು ಎಂದೂ ಒಳಗೆ ಸೇರಿಸದ ಹುಡುಗಿಯರು, ಬಡವರು, ಮೈಯಲ್ಲಿ ಕಸುವಿಲ್ಲದವರು ಮೊದಲ ಬಾರಿಗೆ ಅಂಗಸಾಧನೆಯ ಅಂಗಳಕ್ಕೆ ಬಂದುದು ಶಾಲೆಯ ಮೂಲಕವೇ. ಶಾಲೆಯು ಬಾಗಿಲನ್ನು ತೆರೆಯಿತು, ಆದರೆ ಅಳತೆಯನ್ನು ಕಳೆದುಕೊಂಡಿತು.

ಅಳತೆಯನ್ನು ಮತ್ತೆ ತರುವ ಯತ್ನ ಎರಡು ದಿಕ್ಕುಗಳಿಂದ ನಡೆಯಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ಮದರಾಸಿನಲ್ಲಿ ವೈ.ಎಂ.ಸಿ.ಎ. ಆಶ್ರಯದಲ್ಲಿ ವ್ಯಾಯಾಮೋಪಾಧ್ಯಾಯರ ತರಬೇತಿ ಶಾಲೆಯನ್ನು ತೆರೆದರು. ದಕ್ಷಿಣ ಭಾರತದಲ್ಲಿ ಡ್ರಿಲ್ ಮೇಷ್ಟ್ರ ಸ್ಥಾನಕ್ಕೆ ಶರೀರಶಾಸ್ತ್ರವನ್ನೂ ಬೋಧನಾಕ್ರಮವನ್ನೂ ಓದಿದ ಉಪಾಧ್ಯಾಯನು ಬರತೊಡಗಿದುದು ಅಲ್ಲಿಂದೀಚೆಗೆ. ಬೆಂಗಳೂರಿನಲ್ಲಿ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರ ವ್ಯಾಯಾಮಶಾಲೆಯು ಅದೇ ದಶಕದಲ್ಲಿ ಪ್ರಸಿದ್ಧಿಗೆ ಬಂದಿತು. ‘ಶಾಂತಲಾ’ ಕಾದಂಬರಿಯನ್ನು ಬರೆದ ಅಯ್ಯರ್ ಅವರೇ ಇವರು. ಆದರೆ ಅದು ನಗರದ, ಸ್ವಂತ ಇಚ್ಛೆಯಿಂದ ಬಂದವರ ಶಾಲೆ.

ಇನ್ನೊಂದು ದಿಕ್ಕು ಮೈಸೂರಿನ ಜಗನ್ಮೋಹನ ಅರಮನೆ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಅಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ಅವರ ‘ಯೋಗಮಕರಂದ’ವೂ 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ‘ಯೋಗಾಸನಗಳು’ ಎಂಬ ಗ್ರಂಥವೂ ಪ್ರಕಟವಾದುವು. ಇಂದು ಲೋಕವೆಲ್ಲ ಅವರನ್ನು ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್, ಕೌಶಿಕದ ಪಟ್ಟಾಭಿ ಜೋಯಿಸ್ ಮುಂತಾದವರ ಗುರುವೆಂದು ಬಲ್ಲದು. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದುದು ಎರಡನೆಯ ಗ್ರಂಥದಲ್ಲಿರುವ ಒಂದು ಪಟ್ಟಿ. ಆಸನಗಳನ್ನು ಅಲ್ಲಿ ಮೊದಲಿನ, ನಡುವಿನ ಮತ್ತು ಮೇಲಿನ ಎಂಬ ಮೂರು ಶ್ರೇಣಿಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ವಿನ್ಯಾಸಗಳ ಸಂಖ್ಯೆಯನ್ನು ಕೊಟ್ಟಿದ್ದಾರೆ. ಇದು ಪಾಠಪಟ್ಟಿಯಲ್ಲದೆ ಮತ್ತೇನು? ಹುಡುಗರ ಗುಂಪಿಗೆ ಪಾಠ ಹೇಳಬೇಕಾಗಿ ಬಂದ ಆಚಾರ್ಯನು ತನ್ನ ಕಣ್ಣಿನಲ್ಲಿದ್ದ ಅಳತೆಯನ್ನು ಕಾಗದದ ಮೇಲೆ ಇಳಿಸಿದುದರ ಫಲವದು.

ಈ ಶಾಲೆಯ ಆಸನಪದ್ಧತಿಯಲ್ಲಿ ಅರಮನೆಯ ಅಂಗಸಾಧನೆಯ ಪರಂಪರೆಯೂ ಬೆರೆತಿದೆಯೆಂದು 1996ರಲ್ಲಿ ನಾರ್ಮನ್ ಸ್ಯೋಮನ್ ಪ್ರತಿಪಾದಿಸಿದರು. ಮುಮ್ಮಡಿಯವರ ‘ಶ್ರೀತತ್ತ್ವನಿಧಿ’ಯ 122 ಆಸನಗಳ ಚಿತ್ರಗಳನ್ನೂ, 1896ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ‘ವ್ಯಾಯಾಮದೀಪಿಕೆ’ಯನ್ನೂ ಬೆಳಕಿಗೆ ತಂದವರು ಅವರೇ. 2010ರಲ್ಲಿ ಮಾರ್ಕ್ ಸಿಂಗಲ್ಟನ್ ಇದನ್ನು ಇನ್ನೂ ಮುಂದಕ್ಕೊಯ್ದು, ಆ ಕಾಲದ ಶಾಲಾ ವ್ಯಾಯಾಮಗಳ ಪ್ರಭಾವವೂ ಅಲ್ಲಿದೆಯೆಂದರು. ಸಂಪ್ರದಾಯಸ್ಥರಿಗೆ ಈ ವಾದಗಳು ರುಚಿಸಿಲ್ಲ. ಆಸನಗಳ ಮೂಲ ಯಾವುದೆಂಬ ವಿವಾದ ಏನೇ ಇರಲಿ, ಅವುಗಳನ್ನು ಶ್ರೇಣಿಯಾಗಿ ಜೋಡಿಸಿದ ಕ್ರಮವು ಶಾಲೆಯ ಒತ್ತಾಯದಿಂದ ಹುಟ್ಟಿದುದೆಂದು ಒಪ್ಪುವುದರಲ್ಲಿ ಆಚಾರ್ಯರಿಗೆ ಯಾವ ಅಗೌರವವೂ ಇಲ್ಲವೆಂದು ನಾನು ತಿಳಿದಿದ್ದೇನೆ. ಯೋಗಶಾಲೆಯು 1950ರಲ್ಲಿ ಮುಚ್ಚಿತು. ಅಲ್ಲಿ ಕಲಿತವರು ಪುಣೆಗೆ, ಮದರಾಸಿಗೆ, ಮುಂದೆ ವಿದೇಶಗಳಿಗೆ ಹೋದರು. ಆಚಾರ್ಯರ ಜನ್ಮಸೀಮೆಯ ಹಳ್ಳಿಯ ಶಾಲೆಗಳಿಗೆ ಆ ಪಟ್ಟಿ ಬಂದು ಸೇರಲಿಲ್ಲ.

ಸೀಮೆಗೆ ಆ ಕೆಲಸವನ್ನು ಮಾಡಿಕೊಟ್ಟವರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮಿಗಳು. ಸಾಹಿತ್ಯದಲ್ಲಿ ‘ತಿರುಕ’ ಎಂಬ ಹೆಸರಿನಿಂದಲೂ, ಜನರಲ್ಲಿ ಆಯುರ್ವೇದದ ವೈದ್ಯರೆಂದೂ ಪ್ರಸಿದ್ಧರಾದ ಇವರು ಮೊದಲಿಗೆ ವ್ಯಾಯಾಮದ ಮೇಷ್ಟರು. ಊರಿನಿಂದೂರಿಗೆ ತಿರುಗಿ, ಶಿಬಿರಗಳನ್ನೇರ್ಪಡಿಸಿ, ಯೋಗಾಸನ ಮತ್ತು ವ್ಯಾಯಾಮಗಳನ್ನು ಕಲಿಸುತ್ತಿದ್ದವರು. 1943ರಲ್ಲಿ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿ, ಜೋಳಿಗೆ ಹಿಡಿದು ಬೇಡಿ ತಂದ ಹಣದಿಂದಲೇ ಅದನ್ನು ಬೆಳೆಸಿದರು. ಅವರ ಆತ್ಮಕಥೆಯ ಹೆಸರೂ ‘ಜೋಳಿಗೆಯ ಪವಾಡ’ ಎಂದೇ. 1996ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ವಸತಿಶಾಲೆ, ವ್ಯಾಯಾಮಶಾಲೆ, ಆಸ್ಪತ್ರೆ, ಆಯುರ್ವೇದ ವಿದ್ಯಾಲಯ, ವ್ಯಾಯಾಮ ಶಿಕ್ಷಕರ ತರಬೇತಿಯ ಕಾಲೇಜು ಇವುಗಳಿಂದ ಆ ಹಳ್ಳಿಯ ಹೆಸರು ನಾಡಿನಲ್ಲೆಲ್ಲ ತಿಳಿದಿತ್ತು.

ಇವುಗಳಲ್ಲಿ ಕೊನೆಯದೇ ನಮಗೆ ಮುಖ್ಯ. ಶಿಬಿರದಲ್ಲಿ ಕಲಿತವನು ತಾನು ಬಲಿಯುತ್ತಾನೆ. ಶಿಬಿರ ಮುಗಿದ ಮೇಲೆ ಊರಿನಲ್ಲಿ ಉಳಿಯುವುದು ನೆನಪು ಮಾತ್ರ. ಕಲಿಸುವವರನ್ನು ತಯಾರುಮಾಡಿದರೆ ಆ ವಿದ್ಯೆಯು ಒಂದೊಂದು ಶಾಲೆಯಲ್ಲೂ ಮೂವತ್ತು ವರ್ಷ ನಿಲ್ಲುತ್ತದೆ. ಊರೂರು ತಿರುಗಿ ದಣಿದ ಅನುಭವದಿಂದ ಸ್ವಾಮಿಗಳು ಈ ಸತ್ಯವನ್ನು ಕಂಡುಕೊಂಡಿರಬೇಕು. ಮಲ್ಲಾಡಿಹಳ್ಳಿಯ ಇನ್ನೊಂದು ವಿಶೇಷವೆಂದರೆ ವೈದ್ಯವೂ ವ್ಯಾಯಾಮವೂ ಒಂದೇ ಅಂಗಳದಲ್ಲಿದ್ದುದು. ಮಗುವಿನ ನಾಡಿಯನ್ನು ನೋಡುವವನೂ ಅದರ ಬಸ್ಕಿಯನ್ನು ಎಣಿಸುವವನೂ ಒಂದೇ ಆಶ್ರಮದವರು. ಗರಡಿಯ ಕಣ್ಣು, ಶಾಲೆಯ ತೆರೆದ ಬಾಗಿಲು, ಎರಡೂ ಕೂಡಿದ ಸ್ಥಳವೊಂದನ್ನು ಈ ಸೀಮೆಯಲ್ಲಿ ತೋರಿಸೆಂದರೆ ನಾನು ಮಲ್ಲಾಡಿಹಳ್ಳಿಯನ್ನೇ ತೋರಿಸುತ್ತೇನೆ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ಮಠದ ಶಾಲೆಗಳ ಮಕ್ಕಳು ಮಲ್ಲಕಂಬ, ಮಲ್ಲಿಹಗ್ಗಗಳಲ್ಲಿ ಪಡೆದ ಪರಿಣತಿಯನ್ನೂ ಇದರೊಡನೆ ಹೇಳಬೇಕು. ಎರಡೂ ಸರ್ಕಾರದ ನಿಯಮಕ್ಕಾಗಿ ಕಾದು ಕುಳಿತ ಸಂಸ್ಥೆಗಳಲ್ಲ.

ಸ್ವಾತಂತ್ರ್ಯಾನಂತರ ಯೋಜನೆಗಳಿಗೆ ಕೊರತೆಯಾಗಲಿಲ್ಲ. 1952-53ರ ಮುದಲಿಯಾರ್ ಆಯೋಗವು ವ್ಯಾಯಾಮವು ಪ್ರತಿಯೊಬ್ಬ ವಿದ್ಯಾರ್ಥಿಯ ಶಕ್ತಿಗೆ ಒಪ್ಪುವಂತಿರಬೇಕೆಂದೂ, ನಲವತ್ತು ವರ್ಷದೊಳಗಿನ ಎಲ್ಲ ಉಪಾಧ್ಯಾಯರೂ ಮಕ್ಕಳೊಡನೆ ಅದರಲ್ಲಿ ಭಾಗವಹಿಸಬೇಕೆಂದೂ ಹೇಳಿತು. ಎರಡನೆಯ ಸಲಹೆಯನ್ನು ನಮ್ಮ ಉಪಾಧ್ಯಾಯವರ್ಗವು ಯಾವ ಸದ್ದೂ ಇಲ್ಲದೆ ಮರೆತುಬಿಟ್ಟಿತು. 1956ರಲ್ಲಿ ಕೇಂದ್ರ ಸರ್ಕಾರವು ದೈಹಿಕ ಶಿಕ್ಷಣ ಮತ್ತು ಮನೋರಂಜನೆಯ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿ ತರಗತಿವಾರು ಪಾಠಕ್ರಮವನ್ನು ಸೂಚಿಸಿತು. ಅದೇ ವರ್ಷ ರಾಜ್ಯಗಳ ಪುನರ್ವಿಂಗಡಣೆಯಾಗಿ, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಮತ್ತು ಹಳೆಯ ಮೈಸೂರಿನ ಬೇರೆ ಬೇರೆ ಪದ್ಧತಿಗಳ ಶಾಲೆಗಳು ಒಂದೇ ಇಲಾಖೆಯಡಿ ಬಂದುವು. 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ಕಾಲೇಜು ಆರಂಭವಾಯಿತು. 1959-60ರಲ್ಲಿ ಹೊರಟ ರಾಷ್ಟ್ರೀಯ ದೈಹಿಕ ಸಾಮರ್ಥ್ಯದ ಆಂದೋಲನವು ಓಟ, ಜಿಗಿತ, ಎಸೆತಗಳಿಗೆ ಮಟ್ಟಗಳನ್ನು ಗೊತ್ತುಮಾಡಿತು. ದೇಹವು ಏನನ್ನು ಮಾಡಬಲ್ಲುದೆಂದು ಕೇಳಿದ ಸರ್ಕಾರಿ ಯೋಜನೆಗಳಲ್ಲಿ ಇದು ಒಂದು. ಆದರೆ ಅದು ಇಷ್ಟಪಟ್ಟು ಬಂದವರ ಪರೀಕ್ಷೆಯೇ ಹೊರತು ಎಲ್ಲ ಮಕ್ಕಳ ಪಾಠವಾಗಲಿಲ್ಲ.

ಆ ವೇಳೆಗೆ ಕವಾಯತು ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತ್ತು. 1954ರಲ್ಲಿ ಜನರಲ್ ಭೋಸಲೆಯವರು ಆರಂಭಿಸಿದ ರಾಷ್ಟ್ರೀಯ ಶಿಸ್ತಿನ ಯೋಜನೆ, ಶಾಲೆಗಳ ಸಹಾಯಕ ಕೆಡೆಟ್ ದಳ, ದೈಹಿಕ ಶಿಕ್ಷಣ, ಹೀಗೆ ಒಂದೇ ಅಂಗಳದಲ್ಲಿ ಮೂರು ಕಾರ್ಯಕ್ರಮಗಳು ಒಂದನ್ನೊಂದು ನೂಕುತ್ತಿದ್ದುವು. ಕುಂಜ್ರು ಸಮಿತಿಯ ಸಲಹೆಯ ಮೇರೆಗೆ 1965ರಲ್ಲಿ ಇವುಗಳನ್ನು ರಾಷ್ಟ್ರೀಯ ಸ್ವಾಸ್ಥ್ಯ ದಳವೆಂಬ ಒಂದೇ ಹೆಸರಿನಡಿ ಕೂಡಿಸಲಾಯಿತು. ಚೀನದೊಡನೆ ಯುದ್ಧವಾಗಿ ಮೂರು ವರ್ಷವೂ ಕಳೆಯದ ಆ ದಿನಗಳಲ್ಲಿ ಸಾಲು ನೇರವಾಗಿರಬೇಕೆಂಬ ಆತುರ ಸಹಜವೇ. ಯುದ್ಧದ ಹೆದರಿಕೆ ಹುಟ್ಟಿದಾಗಲೆಲ್ಲ ಮಕ್ಕಳ ದೇಹದ ಚಿಂತೆ ಸರ್ಕಾರಗಳಿಗೆ ಬರುತ್ತದೆ. 1902ರ ಇಂಗ್ಲೆಂಡಿನ ಕಥೆಯೂ ಇದೇ ಆಗಿತ್ತು.

ಇನ್ನು ಇತ್ತೀಚಿನ ಸ್ಥಿತಿ. ‘ಡ್ರಿಲ್ ಮೇಷ್ಟ್ರು’ ‘ಪಿ.ಟಿ. ಮೇಷ್ಟ್ರು’ ಆಗಿ, ಈಗ ದಾಖಲೆಗಳಲ್ಲಿ ‘ದೈಹಿಕ ಶಿಕ್ಷಣ ಶಿಕ್ಷಕ’ರಾಗಿದ್ದಾರೆ. ಕರ್ನಾಟಕದಲ್ಲಿ ಪ್ರೌಢಶಾಲೆಯ ತರಗತಿಗಳಿಗೆ ದೈಹಿಕ ಶಿಕ್ಷಣದ ಪಠ್ಯಪುಸ್ತಕವೂ ಇದೆ. ಆದರೆ ಎಸ್.ಎಸ್.ಎಲ್.ಸಿ.ಯ ಸಾರ್ವಜನಿಕ ಪರೀಕ್ಷೆಯಲ್ಲಿ ಈ ವಿಷಯವಿಲ್ಲ. ಶಾಲೆಯೊಳಗಿನ ಶ್ರೇಣಿಯಲ್ಲಿಯೇ ಅದು ಮುಗಿಯುತ್ತದೆ. ತಮ್ಮನ್ನು ಇತರ ವಿಷಯಗಳ ಸಹಶಿಕ್ಷಕರಿಗೆ ಸಮನಾಗಿ ಕಾಣಬೇಕು, ಪ್ರೊಫೆಸರ್ ವೈದ್ಯನಾಥನ್ ಅವರ ವರದಿಯನ್ನು ಜಾರಿಗೆ ತರಬೇಕು ಎಂದು ದೈಹಿಕ ಶಿಕ್ಷಕರ ಸಂಘಗಳು ವರ್ಷಗಳಿಂದ ಕೇಳುತ್ತ ಬಂದಿವೆ. ಇದನ್ನು ಬರಿಯ ಸಂಬಳ ಬಡ್ತಿಗಳ ಜಗಳವೆಂದು ತಳ್ಳಿಹಾಕುವಂತಿಲ್ಲ. ಉಸ್ತಾದನ ಅಳತೆಗೆ ಊರು ತಲೆಬಾಗುತ್ತಿದ್ದುದು ಅವನಿಗೆ ಊರಿನಲ್ಲಿ ಸ್ಥಾನವಿದ್ದುದರಿಂದ. ಪರೀಕ್ಷೆ ಹತ್ತಿರವಾದೊಡನೆ ತನ್ನ ಅವಧಿಯನ್ನು ಗಣಿತದವರಿಗೆ ಬಿಟ್ಟುಕೊಡಬೇಕಾದ ಶಿಕ್ಷಕನ ಅಳತೆಗೆ ಯಾರು ಬೆಲೆ ಕೊಟ್ಟಾರು?

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳಿಗೆ ದೈಹಿಕ ದಂಡನೆಯನ್ನು ನಿಷೇಧಿಸಿತು. ಕಿವಿ ಹಿಡಿಸಿ ಹೊಡೆಸುವ ಬಸ್ಕಿಯು ಅಲ್ಲಿಗೆ ಶಾಸನಬಾಹಿರವಾಯಿತು. ಅದೇ ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕು, ತರಗತಿಗಳಿಗೆ ಅಗತ್ಯಕ್ಕೆ ತಕ್ಕ ಆಟದ ಸಾಮಗ್ರಿಯನ್ನು ಕೊಡಬೇಕು ಎಂದೂ ಇದೆ. ಶಿಕ್ಷೆಯ ಬಸ್ಕಿಯನ್ನು ತೆಗೆದ ಶಾಸನವೇ ಸಾಧನೆಯ ಬಸ್ಕಿಗೆ ನೆಲವನ್ನು ಒದಗಿಸಹೊರಟಿತೆಂಬುದು ಸಂತೋಷದ ಸಂಗತಿ. ನೆಲದ ವಿಷಯದಲ್ಲಿ ದುರ್ಗದ ಸೀಮೆಗೆ ಒಂದು ಅನುಕೂಲವೂ ಇದೆ. ನಗರಗಳ ಶಾಲೆಗಳಂತೆ ಇಲ್ಲಿ ಬಯಲಿಗೆ ಬರವಿಲ್ಲ; ವಾಣಿವಿಲಾಸ ಸಾಗರದ ಅಚ್ಚುಕಟ್ಟನ್ನು ಬಿಟ್ಟರೆ ಹಿರಿಯೂರಿನ ಬಹುಭಾಗ ಒಣ ಬಯಲೇ.

ಆದರೆ ಕಲಿಸುವವನ ವಿಷಯಕ್ಕೆ ಬಂದಾಗ ಅನುಸೂಚಿಯ ಮಾತು ಬೇರೆ. ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳ ದಾಖಲಾತಿ ನೂರನ್ನು ಮೀರಿದಲ್ಲಿ ಮಾತ್ರ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಬೋಧಕನಿರಬೇಕು, ಅವನೂ ಅರೆಕಾಲದವನು. ಹೊಸದುರ್ಗ, ಹೊಳಲ್ಕೆರೆಗಳ ಒಳನಾಡಿನ ಸಣ್ಣ ಊರುಗಳ ಶಾಲೆಯಲ್ಲಿ ಆ ಮೂರು ತರಗತಿಗಳಿಗೆ ನೂರು ಮಕ್ಕಳು ಎಲ್ಲಿಂದ ಬರಬೇಕು? ತೊಂಬತ್ತೊಂಬತ್ತು ಮಕ್ಕಳಿರುವ ಶಾಲೆಗೆ ಮೈದಾನ ಉಂಟು, ಚೆಂಡು ಉಂಟು. ಮಗುವನ್ನು ನಿಂತು ನೋಡಿ, ಇದಕ್ಕೆ ಇಷ್ಟು ಸಾಕು, ಅದಕ್ಕೆ ಇನ್ನೂ ಬೇಕು ಎನ್ನುವವನನ್ನು ಮಾತ್ರ ಕಾಯಿದೆ ಕೇಳುವುದಿಲ್ಲ. ಸೋಮೇಶ್ವರನು ಭವಿಷ್ಣುವೆಂದು ಬೇರೆಯಾಗಿ ಹೆಸರಿಸಿದ ಎಳೆಯರಿಗಿಂತಲೂ ಎಳೆಯರಾದ, ಒಂದರಿಂದ ಐದನೆಯ ತರಗತಿಗಳ ಮಕ್ಕಳ ಮಟ್ಟಿಗೆ ಅಂತಹ ಬೋಧಕನ ಪ್ರಸ್ತಾಪವೇ ಆ ಅನುಸೂಚಿಯಲ್ಲಿ ಬಂದಿಲ್ಲ.